ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಯಳಂದೂರು ಕಡೆಯವನು ಅಂತ ಗೊತ್ತಾದರೆ ಸಾಕು, ಜನ ಬೆಟ್ಟದ ವಿಚಾರ ತೆಗೆಯುತ್ತಾರೆ. ಫೋನಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ವಾಟ್ಸಾಪಿನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಇಟ್ಟಿದ್ದೇನೆ. ಸಫಾರಿ ದರ, ಗೇಟಿನ ನಿಯಮ ಇಂಥವು ಆಗಾಗ ಬದಲಾಗುತ್ತವೆ. ಹೊರಡುವ ಮುನ್ನ ಅರಣ್ಯ ಇಲಾಖೆಯವರನ್ನು ಒಂದು ಮಾತು ಕೇಳಿಕೊಳ್ಳಿ.

## ಹೊರಡುವ ಮೊದಲು

ಬಿ.ಆರ್. ಹಿಲ್ಸ್ ಅಂದ್ರೆ ನಿಜಕ್ಕೂ ಏನು? ದೇವಸ್ಥಾನನಾ, ಕಾಡಾ, ಹಿಲ್ ಸ್ಟೇಷನ್ನಾ?

ಹಿಲ್ ಸ್ಟೇಷನ್ ಅಂತೂ ಅಲ್ಲ. ಮಾಲ್ ರೋಡು, ಬೋಟಿಂಗು, ಸಾಲು ಹೋಟೆಲು ಹುಡುಕಿಕೊಂಡು ಬಂದರೆ ಬೇಜಾರಾಗುತ್ತದೆ. ಇದು ಚಾಮರಾಜನಗರ ಜಿಲ್ಲೆಯ ಹುಲಿ ಸಂರಕ್ಷಿತ ಪ್ರದೇಶ. 1974ರಲ್ಲಿ ವನ್ಯಜೀವಿಧಾಮ ಅಂತ ಘೋಷಣೆಯಾಯಿತು. 1987ರಲ್ಲಿ ವಿಸ್ತರಿಸಿದಾಗ ಸುಮಾರು 540 ಚದರ ಕಿಲೋಮೀಟರ್ ಆಯಿತು, 2011ರಲ್ಲಿ ಹುಲಿ ಯೋಜನೆಗೆ ಸೇರಿತು. ಇದರ ನಡುವೆ, ಬೆಳ್ಳಗಿನ ಒಂದು ಬಂಡೆಯ ತುದಿಯಲ್ಲಿ ರಂಗನಾಥನ ಗುಡಿ ಇದೆ. ಕಾಡಿನ ಒಳಗೂ ಅಂಚಿನಲ್ಲೂ ಇಲ್ಲಿನ ಬುಡಕಟ್ಟಿನವರಾದ ಸೋಲಿಗರ ಪೋಡುಗಳಿವೆ, ಅಂದರೆ ಪುಟ್ಟ ಊರುಗಳು.

ಹಾಗಾಗಿ ಇಲ್ಲಿಗೆ ಬರುವವರು ಮೂರು ಬಗೆ: ಹುಲಿ ನೋಡಲು ಬರುವವರು, ರಂಗಪ್ಪನಿಗೆ ಹರಕೆ ತೀರಿಸಲು ಬರುವವರು, ಇನ್ನು ಇಲ್ಲೇ ಇರುವವರು. ಮೂರನೆಯವರನ್ನು ಮೊದಲಿಬ್ಬರು ಮರೆಯುವುದೇ ಹೆಚ್ಚು. ಕೆಳಗೆ ಬರುವ ಉತ್ತರಗಳಲ್ಲಿ ಅವರ ಮಾತು ಪದೇ ಪದೇ ಬಂದರೆ ಬೇಸರ ಮಾಡಿಕೊಳ್ಳಬೇಡಿ.

ಬೆಂಗಳೂರಿಂದ ಬೆಳಿಗ್ಗೆ ಹೊರಟು ರಾತ್ರಿಗೆ ವಾಪಸ್ ಬರೋಕಾಗುತ್ತಾ?

ಆಗುತ್ತದೆ, ಆದರೆ ದಣಿವೇ ಹೆಚ್ಚು. ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ದಾರಿಯಲ್ಲಿ ಸುಮಾರು 180 ಕಿಲೋಮೀಟರ್. ಯಳಂದೂರಿನಿಂದ ದೇವಸ್ಥಾನಕ್ಕೆ ಇನ್ನೂ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಘಾಟಿ. ಬೆಳಿಗ್ಗೆ ಐದಕ್ಕೆ ಬಿಟ್ಟರೂ ಮೇಲೆ ತಲುಪುವಾಗ ಬಿಸಿಲು ಏರಿರುತ್ತದೆ, ಪ್ರಾಣಿಗಳು ನೆರಳು ಹಿಡಿದಿರುತ್ತವೆ.

ಮುಖ್ಯವಾದದ್ದು ಗೇಟು. ಯಳಂದೂರು ಕಡೆಯಿಂದ ಗುಂಬಳ್ಳಿ ಚೆಕ್‌ಪೋಸ್ಟ್, ಚಾಮರಾಜನಗರ ಕಡೆಯಿಂದ ಹೊಂಡರಬಾಳು ಚೆಕ್‌ಪೋಸ್ಟ್ ದಾಟಬೇಕು. ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಕಾಡಿನ ರಸ್ತೆಯಲ್ಲಿ ಖಾಸಗಿ ವಾಹನ ಬಿಡುವುದಿಲ್ಲ. "ಐದು ನಿಮಿಷ ಲೇಟು ಅಷ್ಟೇ ಸಾರ್" ಅಂದರೂ ನಡೆಯದು. ಆರಕ್ಕೆ ಮುಂಚೆ ಗೇಟು ದಾಟಿಬಿಟ್ಟರೆ ಸಾಲದು, ಆರರೊಳಗೆ ಆ ಬದಿಯಿಂದ ಹೊರಗೆ ಬಿದ್ದಿರಬೇಕು ಅಂತ ಲೆಕ್ಕ ಹಾಕಿ ಹೊರಡಿ. ಒಂದು ರಾತ್ರಿ ಉಳಿಯುವ ಹಾಗೆ ಬರುವುದು ಮೇಲು. ಮೈಸೂರಿನವರಿಗೆ ಈ ಕಷ್ಟ ಇಲ್ಲ, ನೂರು ಕಿಲೋಮೀಟರಿಗಿಂತ ಕಡಿಮೆ.

ನಮ್ಮ ಹತ್ರ ಕಾರಿಲ್ಲ. ಬಸ್ಸಲ್ಲಿ ಬಂದ್ರೆ ಏನಾದ್ರೂ ನೋಡೋಕೆ ಸಿಗುತ್ತಾ?

ಸಿಗುತ್ತದೆ, ಕಾರಿಗಿಂತ ಚೆನ್ನಾಗಿಯೇ. ಚಾಮರಾಜನಗರ, ಯಳಂದೂರು ಕಡೆಯಿಂದ ಬೆಟ್ಟಕ್ಕೆ ಕೆಎಸ್‌ಆರ್‌ಟಿಸಿ ಬಸ್ಸುಗಳಿವೆ. ಮೈಸೂರಿನಿಂದ ಚಾಮರಾಜನಗರದವರೆಗೆ ರೈಲೂ ಇದೆ. ಬಸ್ಸಿನ ಕಿಟಕಿ ಎತ್ತರದಲ್ಲಿರುವುದರಿಂದ ಪೊದೆಯಾಚೆಗೂ ಕಣ್ಣು ಹಾಯುತ್ತದೆ. ಡ್ರೈವರಿಗೆ ಯಾವ ತಿರುವಿನಲ್ಲಿ ಆನೆ ನಿಲ್ಲುತ್ತದೆ ಅಂತ ಗೊತ್ತಿರುತ್ತದೆ. ತೊಂದರೆ ಒಂದೇ: ಬಸ್ಸುಗಳು ಕಡಿಮೆ. ಇಳಿದ ಕೂಡಲೇ ವಾಪಸ್ ಬಸ್ಸಿನ ಹೊತ್ತು ಕಂಡಕ್ಟರನ್ನೇ ಕೇಳಿಟ್ಟುಕೊಳ್ಳಿ.

ಯಾವ ತಿಂಗಳು ಬಂದ್ರೆ ಚೆನ್ನಾಗಿರುತ್ತೆ?

ಅಕ್ಟೋಬರಿನಿಂದ ಜನವರಿ ಅಂತ ಎಲ್ಲರೂ ಹೇಳುತ್ತಾರೆ, ಸುಳ್ಳಲ್ಲ. ಬೆಟ್ಟಕ್ಕೆ ಮುಂಗಾರೂ ಬರುತ್ತದೆ, ಹಿಂಗಾರೂ ಬರುತ್ತದೆ. ಹಾಗಾಗಿ ನವೆಂಬರಿನಲ್ಲೂ ಕಾಡು ತೊಯ್ದು ಹಸಿರಾಗಿರುತ್ತದೆ, ಬೆಳಿಗ್ಗೆ ಮಂಜು ಇಳಿದಿರುತ್ತದೆ. ಪ್ರಾಣಿ ನೋಡಲೇಬೇಕು ಅನ್ನುವವರು ಎಲೆ ಉದುರಿದ ಮೇಲೆ, ಕೆರೆಗಳಲ್ಲಿ ಮಾತ್ರ ನೀರು ಉಳಿದಿರುವಾಗ ಬರುತ್ತಾರೆ. ಆದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಾಡ್ಗಿಚ್ಚಿನ ಭಯ. ಬೇಸಿಗೆ ಬಿರುಸಾದ ವರ್ಷ ಸಫಾರಿ ನಿಲ್ಲಿಸುವುದೂ ಉಂಟು. ನನ್ನನ್ನು ಕೇಳಿದರೆ ಮೇ ಕೊನೆ, ಎರಡು ಮಳೆ ಬಿದ್ದ ಮೇಲೆ. ಧೂಳು ಅಡಗಿರುತ್ತದೆ, ಹೊಸ ಚಿಗುರಿಗೆ ಕಾಟಿಗಳು ರಸ್ತೆ ಬದಿಗೇ ಬರುತ್ತವೆ, ಜನಸಂದಣಿಯೂ ಇರುವುದಿಲ್ಲ.

ಉಳಿಯೋಕೆ, ಊಟಕ್ಕೆ ಏನು ಮಾಡೋದು?

ಕ್ಯಾತೆದೇವರ ಗುಡಿಯಲ್ಲಿ, ಅಂದರೆ ಎಲ್ಲರೂ ಕೆ. ಗುಡಿ ಅನ್ನುವ ಜಾಗದಲ್ಲಿ, ಜಂಗಲ್ ಲಾಡ್ಜಸ್‌ನವರ ಕ್ಯಾಂಪ್ ಇದೆ. ಮೈಸೂರು ಮಹಾರಾಜರು ಬೇಟೆಗೆ ಬಂದಾಗ ಇಳಿದುಕೊಳ್ಳುತ್ತಿದ್ದ ಬಂಗಲೆಯೂ ಅಲ್ಲೇ. ದುಬಾರಿ, ಆದರೆ ಊಟ, ಸಫಾರಿ ಸೇರಿರುತ್ತದೆ. ದೇವಸ್ಥಾನದ ಹತ್ತಿರ ಸಾದಾ ವಸತಿ ಸಿಗುತ್ತದೆ, ಹಬ್ಬದ ದಿನ ಬಿಟ್ಟು. ಮೇಲೆ ಪೆಟ್ರೋಲ್ ಬಂಕ್ ಇದೆ ಅಂತ ನಂಬಿ ಬರಬೇಡಿ. ಯಳಂದೂರಲ್ಲೋ ಚಾಮರಾಜನಗರದಲ್ಲೋ ತುಂಬಿಸಿಕೊಳ್ಳಿ. ಫೋನಿಗೆ ಸಿಗ್ನಲ್ ಅಲ್ಲಲ್ಲಿ ಹೋಗುತ್ತದೆ, ಆದರೆ ದಾರಿ ತಪ್ಪುವಂಥ ರಸ್ತೆಯಲ್ಲ.

## ರಸ್ತೆಯಲ್ಲಿ, ಕಾಡಿನಲ್ಲಿ

ಹುಲಿ ಸಿಗುತ್ತಾ ಇಲ್ವಾ, ಅದನ್ನ ಹೇಳಿ ಸಾಕು.

ಹುಲಿ ಇದೆ. ಸಿಗುತ್ತದಾ ಅಂದರೆ, ಕಬಿನಿ ಅಥವಾ ಬಂಡೀಪುರದಷ್ಟು ಸುಲಭವಾಗಿ ಇಲ್ಲ. ಅಲ್ಲಿ ನೆಲ ಹೆಚ್ಚುಕಡಿಮೆ ಸಮ, ದೂರದವರೆಗೆ ಕಾಣುತ್ತದೆ. ಇಲ್ಲಿ ಏರಿಳಿತ, ದಟ್ಟ ಪೊದೆ, ತಿರುವು. ಹುಲಿ ಹತ್ತು ಅಡಿ ಆಚೆ ಮಲಗಿದ್ದರೂ ಜೀಪು ಮುಂದೆ ಹೋಗಿಬಿಟ್ಟಿರುತ್ತದೆ. ಕಾಟಿ, ಕಡವೆ, ಜಿಂಕೆ, ಆನೆ ಚೆನ್ನಾಗಿ ಕಾಣುತ್ತವೆ. ಸೀಳುನಾಯಿಗಳ ಹಿಂಡು ಸಿಕ್ಕರೆ ಅದೃಷ್ಟ. ಕರಡಿ ಮುಸ್ಸಂಜೆಗೆ. ಹಕ್ಕಿ ನೋಡುವವರಿಗೆ ಮಾತ್ರ ಹಬ್ಬ, 250ಕ್ಕೂ ಹೆಚ್ಚು ಬಗೆ ಇಲ್ಲಿ ದಾಖಲಾಗಿವೆ.

ಸಫಾರಿಗೆ ಹೋದಾಗ ಗೈಡಿಗೆ "ಹುಲಿ ತೋರಿಸಿ" ಅಂತ ಒತ್ತಾಯ ಮಾಡಬೇಡಿ. ಅದರ ಬದಲು "ಇದು ಯಾವುದರ ಹೆಜ್ಜೆ, ಆ ಕೂಗು ಯಾರದು" ಅಂತ ಕೇಳಿ. ಕಡವೆ ಎಚ್ಚರಿಕೆಯ ಕೂಗು ಹಾಕಿದಾಗ ಆತ ಎಂಜಿನ್ ಆರಿಸಿ ಕಿವಿ ಕೊಡುವುದನ್ನು ನೋಡಬೇಕು. ಆ ಎರಡು ನಿಮಿಷದಲ್ಲಿ ಜೀಪಿನಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದಿರುತ್ತಾರೆ. ಆಮೇಲೆ ಏನೂ ಬರದಿದ್ದರೂ ದುಡ್ಡು ವಸೂಲು.

ರಸ್ತೆ ಮಧ್ಯ ಆನೆ ನಿಂತಿದ್ರೆ ಏನ್ ಮಾಡೋದು?

ದೂರದಲ್ಲೇ ನಿಲ್ಲಿಸಿ. ಹಾರನ್ ಹೊಡೆಯಬೇಡಿ, ಲೈಟು ಮಿನುಗಿಸಬೇಡಿ, ಇಳಿಯಲೇಬೇಡಿ. ಹಿಂಡಿನಲ್ಲಿ ಮರಿ ಇದ್ದರೆ ಮೆಲ್ಲಗೆ ಹಿಂದಕ್ಕೆ ತೆಗೆದುಕೊಳ್ಳಿ. ಒಂದು ಆನೆ ದಾಟಿದ ಕೂಡಲೇ ನುಗ್ಗಬೇಡಿ, ಹಿಂದೆ ಇನ್ನೂ ಇರುತ್ತವೆ. ಬಸ್ಸು ಬರುವವರೆಗೆ ಕಾಯುವುದು ಎಲ್ಲಕ್ಕಿಂತ ಸುಲಭ. ಬಸ್ಸಿನವರು ಹೇಗೆ ನಡೆದುಕೊಳ್ಳುತ್ತಾರೋ ಹಾಗೇ ನಡೆದುಕೊಳ್ಳಿ.

ಎರಡು ನಿಮಿಷ ಇಳಿದು ಫೋಟೋ ತಗೊಂಡ್ರೆ, ಕೋತಿಗೆ ಬಿಸ್ಕತ್ತು ಕೊಟ್ರೆ ಏನು ಮಹಾಪರಾಧ?

ಕಾನೂನಿನ ಪ್ರಕಾರ ಅಪರಾಧವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಭಯಾರಣ್ಯದೊಳಗೆ ಯಾರು ಬರಬಹುದು, ಏನು ಮಾಡಬಾರದು ಅನ್ನುವುದಕ್ಕೆ ಸೆಕ್ಷನ್‌ಗಳೇ ಇವೆ. ದಂಡ ಹಾಕಿದರೆ ವಾದ ಮಾಡಲು ಜಾಗವಿಲ್ಲ.

ಕಾನೂನು ಬಿಡಿ. ಬಿಸ್ಕತ್ತಿನ ರುಚಿ ಹತ್ತಿದ ಕೋತಿ ರಸ್ತೆಯನ್ನೇ ಮನೆ ಮಾಡಿಕೊಳ್ಳುತ್ತದೆ. ಆಮೇಲೆ ಟೈರಿಗೆ ಸಿಗುತ್ತದೆ, ಇಲ್ಲವೇ ದೇವಸ್ಥಾನಕ್ಕೆ ಬಂದ ಅಜ್ಜಿಯ ಕೈಯಿಂದ ಹಣ್ಣುಕಾಯಿ ಚೀಲ ಕಿತ್ತುಕೊಳ್ಳುತ್ತದೆ. ಬೆಟ್ಟದ ಮೇಲೆ ಈ ಎರಡನ್ನೂ ದಿನಾ ನೋಡಬಹುದು. ಬಿಸ್ಕತ್ತಿನ ಕವರನ್ನು ಜಿಂಕೆ ತಿನ್ನುತ್ತದೆ ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ಉಪ್ಪಿನ ವಾಸನೆ ಇದ್ದರೆ ಸಾಕು ಅದಕ್ಕೆ.

ಒಂದೇ ಬೆಟ್ಟದಲ್ಲಿ ಥರಾವರಿ ಕಾಡು ಇದೆ ಅಂತಾರಲ್ಲ. ನಮಗೆ ಎಲ್ಲಾ ಒಂದೇ ಹಸಿರು ಕಾಣುತ್ತೆ!

ಗುಂಬಳ್ಳಿ ಗೇಟಿನಿಂದ ದೇವಸ್ಥಾನದವರೆಗೆ ಕಿಟಕಿಯಾಚೆ ಸುಮ್ಮನೆ ನೋಡುತ್ತಾ ಬನ್ನಿ, ಮೊಬೈಲ್ ಒಳಗಿಟ್ಟು. ಗೇಟಿನ ಹತ್ತಿರ ಕುರುಚಲು ಕಾಡು. ಮುಳ್ಳಿನ ಗಿಡ, ಕೆಂಪು ಮಣ್ಣು, ತಲೆಯೆತ್ತರದ ಮರ. ನಾಲ್ಕಾರು ತಿರುವು ಏರಿದ ಮೇಲೆ ಮರಗಳು ಎತ್ತರವಾಗುತ್ತವೆ. ದಿಂಡಿಗ, ಮತ್ತಿ, ಹೊನ್ನೆ, ನಡುನಡುವೆ ನೆಲ್ಲಿ. ಇದು ಬೇಸಿಗೆಯಲ್ಲಿ ಎಲೆ ಉದುರಿಸುವ ಕಾಡು. ಮಾರ್ಚಿನಲ್ಲಿ ಬಂದರೆ ಬರೀ ಕಡ್ಡಿ, ಜುಲೈನಲ್ಲಿ ಬಂದರೆ ಒಳಗೆ ಬೆಳಕು ಬೀಳದಷ್ಟು ಎಲೆ.

ಇನ್ನೂ ಮೇಲೆ ಹೋದಂತೆ ಗಾಳಿ ತಣ್ಣಗಾಗುತ್ತದೆ, ಕಾಂಡಗಳ ಮೇಲೆ ಪಾಚಿ ಹತ್ತಿರುತ್ತದೆ. ದೂರದ ಬೆಟ್ಟಗಳ ನೆತ್ತಿಯಲ್ಲಿ ಹುಲ್ಲುಗಾವಲು, ಆ ಹುಲ್ಲಿನ ಮಡಿಕೆಗಳಲ್ಲಿ ಕಪ್ಪು ಹಸಿರಿನ ಶೋಲಾ ಕಾಡು. ಕೊಡಗು, ಚಿಕ್ಕಮಗಳೂರಿನಲ್ಲಿ ನೋಡಿದ್ದೀರಲ್ಲ, ಅದೇ ಬಗೆ. ಬುಡದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಮೇಲಿನ ಕೆಲವು ಕಡೆ 3,000ದವರೆಗೆ. ನೆಲದ ಎತ್ತರ 600 ಮೀಟರಿನಿಂದ 1,800 ಮೀಟರ್. ಎಲ್ಲಕ್ಕಿಂತ ಎತ್ತರದ್ದು ಕತ್ತರಿ ಬೆಟ್ಟ. ಒಂದು ಗಂಟೆಯೊಳಗಿನ ದಾರಿಯಲ್ಲಿ ಇಷ್ಟು ಬಗೆಯ ಕಾಡು ಕಾಣುವ ರಸ್ತೆ ನಮ್ಮ ಕಡೆ ಇನ್ನೊಂದಿಲ್ಲ.

ಇದಕ್ಕೆ ಕಾರಣ ಬೆಟ್ಟ ನಿಂತಿರುವ ಜಾಗ. ಪಶ್ಚಿಮ ಘಟ್ಟಕ್ಕೂ ಪೂರ್ವ ಘಟ್ಟಕ್ಕೂ ನಡುವೆ ಇದು ಸೇತುವೆ ಹಾಗೆ. ಎರಡೂ ಕಡೆಯ ಗಿಡ, ಹಕ್ಕಿ, ಕೀಟ ಇಲ್ಲಿ ಸೇರುತ್ತವೆ. ಬೆಂಗಳೂರಿನ ಏಟ್ರೀ ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯವರು ಇಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡುತ್ತಿದ್ದಾರೆ. ಅವರು ಇಲ್ಲಿ ಕಂಡುಹಿಡಿದ ಒಂದು ಹೊಸ ಕಣಜಕ್ಕೆ 'ಸೋಲಿಗ' ಅಂತಲೇ ಹೆಸರಿಟ್ಟಿದ್ದಾರೆ.

ಟ್ರೆಕ್ಕಿಂಗ್ ಹೋಗಬಹುದಾ? ಡ್ರೋನ್ ತರ್ತೀವಿ.

ಡ್ರೋನ್ ಮನೆಯಲ್ಲೇ ಬಿಟ್ಟು ಬನ್ನಿ. ಅನುಮತಿಯಿಲ್ಲದೆ ಕಾಡಿನೊಳಗೆ ನಡೆಯುವುದೂ ಇಲ್ಲ. ಯಾರೋ ಒಬ್ಬರು "ನನಗೆ ದಾರಿ ಗೊತ್ತು, ಸುಮ್ನೆ ಬನ್ನಿ" ಅಂದರೆ ಹೋಗಬೇಡಿ.

ಅದು ವೀರಪ್ಪನ್ ಕಾಡಲ್ವಾ? ಅಮ್ಮ ಹೆದರ್ತಾ ಇದ್ದಾರೆ.

ಅಮ್ಮನಿಗೆ ಹೇಳಿ, ಆತ ಸತ್ತದ್ದು 2004ರ ಅಕ್ಟೋಬರಿನಲ್ಲಿ. ಈಗ ಆ ಭಯ ಇಲ್ಲ. ಆ ವರ್ಷಗಳಲ್ಲಿ ಪೊಲೀಸರಿಗೂ ಅವನಿಗೂ ನಡುವೆ ಸಿಕ್ಕಿ ನಲುಗಿದವರು ಕಾಡಂಚಿನ ಊರುಗಳ ಬಡವರು, ಸೋಲಿಗರು. ಹಳಬರನ್ನು ಆ ವಿಷಯ ಕೆದಕಿ ಕೇಳುವ ಚಪಲ ಬೇಡ. ಅವರಾಗಿಯೇ ಹೇಳಿದರೆ ಕೇಳಿ.

## ರಂಗಪ್ಪನ ಸನ್ನಿಧಿ

ಶ್ರೀರಂಗಪಟ್ಟಣದ ರಂಗನಾಥನನ್ನ ನೋಡಿದೀವಿ. ಇಲ್ಲಿ ಏನು ವಿಶೇಷ?

ಅಲ್ಲಿ ಆದಿಶೇಷನ ಮೇಲೆ ಮಲಗಿದ್ದಾನೆ, ಇಲ್ಲಿ ನಿಂತಿದ್ದಾನೆ. ಮೊದಲ ಸಲ ಬಂದವರು ಗರ್ಭಗುಡಿಯೊಳಗೆ ಇಣುಕಿ "ರಂಗನಾಥ ಎಲ್ಲಿ?" ಅಂತ ಹುಡುಕುವುದು ಮಾಮೂಲು. ಕೆಳಗಿನಿಂದ ಸುಮಾರು 150 ಮೆಟ್ಟಿಲು. ವಯಸ್ಸಾದವರೂ ನಿಧಾನಕ್ಕೆ ಹತ್ತುತ್ತಾರೆ.

ಇನ್ನೊಂದು ವಿಶೇಷ ಪಾದುಕೆ. ಬೆಟ್ಟದ ಕೆಳಗಿನ ಊರಿನಲ್ಲಿ ಚರ್ಮದ ಕೆಲಸ ಮಾಡುವವರು ದೇವರಿಗೆ ಅಂತ ದೊಡ್ಡ ಚಪ್ಪಲಿ ಜೋಡಿ ಮಾಡಿ ತಂದು ಒಪ್ಪಿಸುವ ಪದ್ಧತಿ ಇದೆ. ರಂಗಪ್ಪ ರಾತ್ರಿ ಇದನ್ನು ಮೆಟ್ಟಿಕೊಂಡು ಕಾಡೆಲ್ಲ ಸುತ್ತುತ್ತಾನೆ, ಆದ್ದರಿಂದಲೇ ಸವೆಯುತ್ತವೆ ಅನ್ನುವುದು ನಂಬಿಕೆ. ಈ ಪಾದುಕೆಯನ್ನು ತಲೆಗೆ ಮುಟ್ಟಿಸಿಕೊಂಡು ಆಶೀರ್ವಾದ ಪಡೆಯುತ್ತಾರೆ. ಊರಿನಲ್ಲಿ ಚಪ್ಪಲಿ ಮಾಡುವವರನ್ನು ಹೊಸ್ತಿಲಾಚೆ ನಿಲ್ಲಿಸಿದ ಕಾಲದಲ್ಲೂ ಅವರು ಹೊಲಿದದ್ದಕ್ಕೆ ಎಲ್ಲ ಜಾತಿಯವರೂ ಇಲ್ಲಿ ತಲೆಯೊಡ್ಡಿದ್ದಾರೆ. ಇದನ್ನು ಹೆಮ್ಮೆ ಅನ್ನಬೇಕೋ ವಿಪರ್ಯಾಸ ಅನ್ನಬೇಕೋ, ನೀವೇ ಹೇಳಿ.

ದರ್ಶನ ಆದ ಮೇಲೆ ಗುಡಿಯ ಹಿಂದಿನ ಬಂಡೆ ಅಂಚಿಗೆ ಬನ್ನಿ. ಕೆಳಗೆ ಯಳಂದೂರು, ಕೊಳ್ಳೇಗಾಲದ ಬಯಲು, ಕೆರೆಗಳು ಕಾಣುತ್ತವೆ. ಗಾಳಿ ಜೋರು, ಮಕ್ಕಳ ಕೈ ಬಿಡಬೇಡಿ.

ರಂಗನಾಥ ಸೋಲಿಗರ ಭಾವ ಅಂತೆ. ಅದು ಹೇಗೆ?

ಕುಸುಮಾಲೆ ಅನ್ನುವ ಸೋಲಿಗರ ಹುಡುಗಿಯನ್ನು ರಂಗ ಮೆಚ್ಚಿ ಮದುವೆಯಾದ ಅನ್ನುವುದು ಕಥೆ. ಮುದುಕ ದಾಸಯ್ಯನ ವೇಷದಲ್ಲಿ ಬಂದು ಹೆಣ್ಣು ಕೇಳಿದ ಅಂತ ಕೆಲವರು ಹಾಡುತ್ತಾರೆ. ಒಂದೊಂದು ಪೋಡಿನಲ್ಲಿ ಒಂದೊಂದು ತೆರ. ಅಕ್ಕನನ್ನೋ ತಂಗಿಯನ್ನೋ ಕೊಟ್ಟ ಮೇಲೆ ಆತ ಭಾವನೇ ತಾನೆ? ಹಾಗಾಗಿ ಸೋಲಿಗರಿಗೆ ಅವನು ಭಯಪಟ್ಟು ಕೈಮುಗಿಯುವ ದೇವರು ಮಾತ್ರ ಅಲ್ಲ, ಗೇಲಿ ಮಾಡಬಹುದಾದ ನೆಂಟ. ಹಾಡಿನಲ್ಲಿ ಅವನನ್ನು ಕಿಚಾಯಿಸುವುದೂ ಇದೆ. ಬೆಟ್ಟದ ಗುಡಿ ವೈಷ್ಣವರದ್ದು, ಪೂಜೆ ಶಾಸ್ತ್ರೋಕ್ತ. ಆದರೆ ಕಾಡಿನವರ ಲೆಕ್ಕದಲ್ಲಿ ಅದು ಮನೆಯ ಅಳಿಯನ ಗುಡಿ.

ಜಾತ್ರೆಗೇ ಬರೋಣ ಅಂತಿದೀವಿ. ಒಳ್ಳೇದಾ?

ಸಂಕ್ರಾಂತಿ ಮಾರನೇ ದಿನ ಚಿಕ್ಕ ಜಾತ್ರೆ, ವೈಶಾಖದಲ್ಲಿ ದೊಡ್ಡ ಜಾತ್ರೆ. ಜನ, ತೇರು, ಹಣ್ಣು ಜವನ ಎಸೆಯುವ ಸಂಭ್ರಮ, ದಾಸಯ್ಯಗಳ ಜಾಗಟೆ ಶಂಖ ಎಲ್ಲ ನೋಡಬೇಕು ಅಂದರೆ ಬನ್ನಿ. ಕಾಡು ನೋಡಬೇಕು ಅಂದರೆ ಆ ವಾರ ಬಿಟ್ಟು ಬೇರೆ ಯಾವಾಗಲಾದರೂ ಬನ್ನಿ. ಎರಡೂ ಒಟ್ಟಿಗೆ ಆಗುವುದಿಲ್ಲ.

ದೊಡ್ಡ ಸಂಪಿಗೆ ಮರಕ್ಕೆ ಕರ್ಕೊಂಡು ಹೋಗ್ತಾರಾ?

ಇದು ಗುಡಿಯಲ್ಲಿ ಇಟ್ಟ ದೇವರಲ್ಲ, ಮರವೇ ದೇವರು. ಒಳಕಾಡಿನಲ್ಲಿ, ಭಾರ್ಗವಿ ಹೊಳೆಯ ಪಕ್ಕದಲ್ಲಿದೆ. ಎತ್ತರ ಸುಮಾರು 34 ಮೀಟರ್. ಬುಡ ಎಷ್ಟು ದಪ್ಪ ಅಂದರೆ ಹತ್ತಾರು ಜನ ಕೈ ಕೈ ಹಿಡಿದು ಸುತ್ತುವರಿಯಬೇಕು. ಬುಡದ ಸುತ್ತ ನೂರಾರು ಪುಟ್ಟ ಲಿಂಗ, ತ್ರಿಶೂಲ. ವಯಸ್ಸು 600 ವರ್ಷ ಅನ್ನುವವರಿದ್ದಾರೆ, 2,000 ಅನ್ನುವವರೂ ಇದ್ದಾರೆ. ಯಾವ ಸಂಖ್ಯೆಗೂ ಜೋತುಬೀಳಬೇಡಿ.

ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಹೋಗುವ ಹಾಗಿಲ್ಲ, ಹುಲಿ ಇರುವ ಒಳಪ್ರದೇಶ ಅದು. ಒಪ್ಪಿಗೆ ಸಿಕ್ಕಿದರೆ ಚಪ್ಪಲಿ ದೂರದಲ್ಲೇ ಬಿಡಿ, ಬೇರಿನ ಮೇಲೆ ಹತ್ತಿ ನಿಂತು ಫೋಟೋ ತೆಗೆಸಿಕೊಳ್ಳಬೇಡಿ. ಸಿಗದಿದ್ದರೆ ಬೇಜಾರು ಬೇಡ. ಇದು ನೋಡಲೇಬೇಕಾದ ತಾಣಗಳ ಪಟ್ಟಿಗೆ ಸೇರದೆ ಉಳಿದರೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

## ಸೋಲಿಗರು, ಹಕ್ಕು, ಕಾಡಿನ ಕಷ್ಟ

ಪೋಡಿಗೆ ಹೋಗಿ ಸೋಲಿಗರನ್ನ ನೋಡ್ಕೊಂಡು ಬರಬಹುದಾ? ಮಕ್ಕಳಿಗೆ ತೋರಿಸಬೇಕಿತ್ತು.

ಜನರನ್ನು 'ತೋರಿಸುವುದು' ಹೇಗೆ? ನಿಮ್ಮ ಬಡಾವಣೆಗೆ ಯಾರೋ ಕ್ಯಾಮೆರಾ ಹಿಡಿದು ನುಗ್ಗಿದರೆ ಹೇಗಿರುತ್ತದೋ ಯೋಚಿಸಿ. ಪರಿಚಯದವರು ಕರೆದರೆ ಹೋಗಿ, ಮಾತಾಡಿ, ಕೊಟ್ಟ ಕಾಫಿ ಕುಡಿಯಿರಿ. ಅವರೇ ಬೆಳೆದ ಕಾಫಿ ಅದು. ಸೋಲಿಗರ ನುಡಿ ಕನ್ನಡಕ್ಕೆ ಹತ್ತಿರ, ಹಾಗಾಗಿ ಸುಲಭವಾಗಿ ತಿಳಿಯುತ್ತದೆ.

ರಾಗಿ ಕೊಯ್ಲಾದ ಮೇಲೆ ರೊಟ್ಟಿ ಹಬ್ಬ ಮಾಡುತ್ತಾರೆ. ಹೊಸ ರಾಗಿಯ ರೊಟ್ಟಿ ದೇವರಿಗೆ ಒಪ್ಪಿಸಿ, ರಾತ್ರಿಯಿಡೀ 'ಗೊರುಕಾನ' ಹಾಡುತ್ತಾ ಕುಣಿಯುತ್ತಾರೆ. ರೆಸಾರ್ಟಿನ ಬೆಂಕಿಯ ಸುತ್ತ ಅರ್ಧ ಗಂಟೆ ಕುಣಿಸುವುದು ಅದರ ತುಣುಕು ಮಾತ್ರ.

ಪ್ರತಿ ಕುಲಕ್ಕೂ ಕಾಡಿನಲ್ಲಿ ತನ್ನದೇ 'ಯೆಲ್ಲೆ', ಅಂದರೆ ತನ್ನ ಪಾಲಿನ ಗಡಿ ಇದೆ. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ಐದು ಬಗೆಯ ಪೂಜೆಯ ಜಾಗಗಳು. ಸೋಲಿಗರು ಏಟ್ರೀಯವರ ಜೊತೆ ಸೇರಿ ಇಂಥ ನೂರಾರು ಜಾಗಗಳ ನಕ್ಷೆ ಮಾಡಿದ್ದಾರೆ. ಅಬ್ಬಿ ಅಂದರೆ ನೀರಿನ ತಾವು, ಕಲ್ಲುಗುಡಿ ಅಂದರೆ ಸಮಾಧಿ ಕಲ್ಲುಗಳ ತಾವು. ನೀವು ಕಾಲು ತೊಳೆಯಲು ಇಳಿದ ತೊರೆ ಯಾರದೋ ಕುಲದ ಅಬ್ಬಿ ಆಗಿರಬಹುದು. ಬರೀ ಕಲ್ಲು ಅಂತ ಒದ್ದು ಸರಿಸಿದ್ದು ಯಾರದೋ ಹಿರಿಯರ ಸಮಾಧಿ ಕಲ್ಲಾಗಿರಬಹುದು.

ಹುಲಿ ಕಾಡಲ್ಲಿ ಜನ ಇರಬಹುದಾ? ಬೇರೆ ಕಡೆ ಜಾಗ ಕೊಟ್ಟು ಕಳಿಸಬೇಕಿತ್ತಲ್ವಾ?

ಹುಲಿ ಯೋಜನೆ ಬರುವ ಎಷ್ಟೋ ಮುಂಚಿನಿಂದ ಅವರು ಅಲ್ಲಿದ್ದಾರೆ, ಹುಲಿಯೂ ಇದೆ. ಮೊದಲು ಚದುರಿದ ಪೋಡುಗಳಲ್ಲಿದ್ದು, ಒಂದು ಕಡೆ ಕೆಲವು ವರ್ಷ ರಾಗಿ ಬೆಳೆದು ಇನ್ನೊಂದು ಕಡೆಗೆ ಸರಿಯುತ್ತಿದ್ದರು. 1972ರ ಕಾಯ್ದೆ ಬಂದು ಬೇಟೆ ನಿಂತಿತು. 1974ರಲ್ಲಿ ಅಭಯಾರಣ್ಯ ಆದ ಮೇಲೆ ಆ ಬೇಸಾಯವೂ ನಿಂತಿತು, ಅವರನ್ನು ರಸ್ತೆ ಬದಿಯ ಕಾಲೊನಿಗಳಿಗೆ ತಂದರು. ಆಮೇಲೆ ಲ್ಯಾಂಪ್ಸ್ ಅನ್ನುವ ಗಿರಿಜನರ ಸಹಕಾರ ಸೊಸೈಟಿ ಮೂಲಕ ಜೇನು, ನೆಲ್ಲಿಕಾಯಿ, ಸೀಗೆ, ಅಂಟುವಾಳ, ಪಾಚಿ ಮಾರಿ ಬದುಕಿದರು. 2006ರ ಹೊತ್ತಿಗೆ ಅದನ್ನೂ ನಿಷೇಧಿಸಿದಾಗ ಕೂಲಿಗೆ ಹೋಗಬೇಕಾಯಿತು.

ಅದೇ ವರ್ಷ ಸಂಸತ್ತು, ಕಾಡಿನಲ್ಲಿ ಬದುಕುವವರಿಗೆ ಅಲ್ಲಿನ ನೆಲ, ಉತ್ಪನ್ನದ ಮೇಲೆ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆ ಪಾಸು ಮಾಡಿತು. 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆಯಾಯಿತು, ಆಗ ಎತ್ತಂಗಡಿಯ ಭಯ ಹುಟ್ಟಿತು. ಸೋಲಿಗರ ಸಂಘಟನೆಗಳು ಗ್ರಾಮಸಭೆ ಸೇರಿಸಿ, ನಕ್ಷೆ ಮುಂದಿಟ್ಟು ಹಕ್ಕು ಕೇಳಿದವು. ಅಕ್ಟೋಬರಿನಲ್ಲಿ ಸಮುದಾಯ ಹಕ್ಕು ಪತ್ರ ಕೈಗೆ ಬಂತು. ಹುಲಿ ಸಂರಕ್ಷಿತ ಪ್ರದೇಶದ ಒಳಗಿರುವ ಬುಡಕಟ್ಟಿಗೆ ಹೀಗೆ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು ಇಲ್ಲಿ. ಹಕ್ಕುಪತ್ರ ಸಿಕ್ಕ ಮಾತ್ರಕ್ಕೆ ಎಲ್ಲ ಸುಸೂತ್ರವಾಗಿದೆ ಅಂತಲ್ಲ, ಏನು ತರಬಹುದು, ಯಾರು ತೀರ್ಮಾನ ಮಾಡಬೇಕು ಅನ್ನುವ ಜಗ್ಗಾಟ ಇದ್ದೇ ಇದೆ. ಆದರೆ "ಕಳಿಸಬೇಕಿತ್ತು" ಅನ್ನುವ ಮಾತಿಗೆ ಕಾನೂನೇ ಉತ್ತರ ಕೊಟ್ಟಿದೆ.

ಅಲ್ಲಿ ಒಬ್ಬರು ಡಾಕ್ಟರು ಆಸ್ಪತ್ರೆ ಮಾಡಿದಾರಂತೆ, ಅವರು ಯಾರು?

ಡಾ. ಎಚ್. ಸುದರ್ಶನ್. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದರು. ಆಸ್ಪತ್ರೆ, ಶಾಲೆ ಎರಡೂ ಇವೆ. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಬಂದಿದೆ. ಓದಿ ಮೇಲೆ ಬಂದ ಸೋಲಿಗ ಯುವಕ ಯುವತಿಯರಲ್ಲಿ ಈ ಶಾಲೆಯ ಮೆಟ್ಟಿಲು ಹತ್ತಿದವರು ಬಹಳ. ಅದು ಕೆಲಸ ನಡೆಯುವ ಜಾಗ. ನೋಡಬೇಕಾದರೆ ಮೊದಲೇ ತಿಳಿಸಿ ಹೋಗಿ.

ಬೆಟ್ಟದಲ್ಲಿ ಅಸಲಿ ಜೇನುತುಪ್ಪ ಸಿಗುತ್ತಾ? ಎಲ್ಲಿ ತಗೊಳ್ಳೋದು?

ಸೋಲಿಗರ ಸೊಸೈಟಿ, ಸಂಘಗಳ ಮಳಿಗೆಯಲ್ಲಿ ತೆಗೆದುಕೊಳ್ಳಿ. ರಸ್ತೆ ಬದಿಯ ಬಾಟಲಿಗೆ ನಾನು ಜಾಮೀನು ಕೊಡಲಾರೆ. ಹೆಜ್ಜೇನು, ತುಡುವೆ, ಕಡ್ಡಿಜೇನು, ನಸರಿ ಅಂತ ನಾಲ್ಕು ಬಗೆ. ಮಾರಾಟಕ್ಕೆ ಬರುವುದು ಹೆಚ್ಚಾಗಿ ಹೆಜ್ಜೇನಿನದು. ಒಂದೊಂದು ಹೂವಿನ ಕಾಲಕ್ಕೆ ಬಣ್ಣ, ರುಚಿ ಬೇರೆ. ತುಸು ಕಹಿ ಇದ್ದರೆ ಕಲಬೆರಕೆ ಅಂತ ಹಿಂದಿರುಗಿಸಬೇಡಿ.

ಹೆಜ್ಜೇನು ಕೀಳುವುದು ರಾತ್ರಿಯ ಕತ್ತಲಲ್ಲಿ. ಎತ್ತರದ ಮರಕ್ಕೋ ಬಂಡೆಗೋ ಹತ್ತಿ, ಹಸಿ ಸೊಪ್ಪಿನ ಹೊಗೆ ಹಿಡಿದು, ಹಾಡು ಹೇಳಿಕೊಂಡು ಕೀಳುತ್ತಾರೆ. ತಟ್ಟಿಯನ್ನು ಪೂರ್ತಿ ತೆಗೆಯುವುದಿಲ್ಲ. ಒಂದು ಪಾಲು ಹುಳುಗಳಿಗೆ, ಇನ್ನೊಂದು ತುಂಡು ನೆಲದ ಮೇಲೆ ಹುಲಿಗೆ. ಕರಡಿ ಮರ ಹತ್ತುತ್ತದೆ, ಹುಲಿಗೆ ಆಗುವುದಿಲ್ಲವಲ್ಲ! ಮಾಗಳಿ ಬೇರಿನ ಉಪ್ಪಿನಕಾಯಿ ಸಿಕ್ಕರೆ ಅದನ್ನೂ ಬಿಡಬೇಡಿ.

ಕಾಡೆಲ್ಲಾ ಬಣ್ಣಬಣ್ಣದ ಹೂವಿನ ಪೊದೆ ಇದೆ, ಎಷ್ಟು ಚೆಂದ! ಅದೇನು?

ಲಂಟಾನ. ಬೆಟ್ಟದ ದೊಡ್ಡ ಪೀಡೆ ಅದೇ. ಅಮೆರಿಕ ಕಡೆಯ ಗಿಡ, ಬ್ರಿಟಿಷರ ಕಾಲದಲ್ಲಿ ತೋಟದ ಅಂದಕ್ಕೆ ಅಂತ ಬಂದದ್ದು. ಅದರ ಕೆಳಗೆ ಹುಲ್ಲು ಬೆಳೆಯುವುದಿಲ್ಲ, ಜಿಂಕೆ ಕಾಟಿಗಳಿಗೆ ಮೇವಿಲ್ಲ, ಮರಗಳ ಸಸಿ ಏಳುವುದಿಲ್ಲ. 1997ರಲ್ಲಿ ಸಂಶೋಧಕರು ಗುರುತು ಮಾಡಿದ್ದ ಕಾಡಿನ ತುಣುಕುಗಳನ್ನೇ 2008ರಲ್ಲಿ ಮತ್ತೆ ನೋಡಿದಾಗ ಲಂಟಾನ ಇರುವ ತುಣುಕುಗಳ ಸಂಖ್ಯೆ ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು.

ಸೋಲಿಗರ ಹಿರಿಯರು ಇದಕ್ಕೆ ಒಂದು ಕಾರಣ ಹೇಳುತ್ತಾರೆ: 'ತರಗು ಬೆಂಕಿ' ನಿಂತದ್ದು. ಚಳಿಗಾಲ ಮುಗಿಯುವ ಹೊತ್ತಿಗೆ, ನೆಲ ಇನ್ನೂ ತುಸು ತೇವವಾಗಿರುವಾಗ ಉದುರಿದ ತರಗೆಲೆಗೆ ಬೆಂಕಿ ಕೊಡುತ್ತಿದ್ದರು. ಮೊಣಕಾಲೆತ್ತರದ ಬೆಂಕಿ ಸರಸರ ಹರಿದು ಹೋಗುತ್ತಿತ್ತು. ದೊಡ್ಡ ಮರಕ್ಕೆ ಏನೂ ಆಗುತ್ತಿರಲಿಲ್ಲ, ಲಂಟಾನದ ಎಳೆ ಗಿಡ ಸಾಯುತ್ತಿತ್ತು. ನೆಲ್ಲಿಮರದ ಮೇಲೆ ಹತ್ತಿ ರಸ ಹೀರುವ ಬಂದಳಿಕೆಗೆ ಅವರು 'ಉಪ್ಪಿಲು' ಅನ್ನುತ್ತಾರೆ. ಅದೂ ಹತೋಟಿಯಲ್ಲಿರುತ್ತಿತ್ತಂತೆ. ಅಭಯಾರಣ್ಯ ಆದ ಮೇಲೆ ಬೆಂಕಿ ಅಪರಾಧವಾಯಿತು. ವನ್ಯಜೀವಿ ಕಾಯ್ದೆಯ 30ನೇ ಸೆಕ್ಷನ್ ಹೇಳುವುದೇ ಅದು. ಈಗ ಲಂಟಾನ ಆಳೆತ್ತರ ಒಣಗಿ ನಿಂತಿರುತ್ತದೆ. ಬೇಸಿಗೆಯಲ್ಲಿ ಕಿಚ್ಚು ಬಿದ್ದರೆ ಮೊಣಕಾಲಿಗೆ ನಿಲ್ಲುವುದಿಲ್ಲ, ಮರದ ನೆತ್ತಿಗೇ ಏರುತ್ತದೆ. ಎಲ್ಲ ವಿಜ್ಞಾನಿಗಳೂ ಈ ವಾದವನ್ನು ಇಡಿಯಾಗಿ ಒಪ್ಪುವುದಿಲ್ಲ, ಆದರೆ ತಳ್ಳಿಹಾಕುವ ಕಾಲ ಹೋಗಿದೆ. ನೀವು ಮಾತ್ರ ಇದನ್ನು ಓದಿ ಬೆಂಕಿಪೊಟ್ಟಣ ತೆಗೆಯಬೇಡಿ. ಎಸೆದ ಒಂದು ಬೀಡಿ ತುಂಡು ಮಾರ್ಚಿನಲ್ಲಿ ಏನು ಮಾಡುತ್ತದೆ ಅಂತ ಫಾರೆಸ್ಟ್ ವಾಚರ್‌ಗಳನ್ನು ಕೇಳಿ.

ಕಿತ್ತ ಲಂಟಾನವನ್ನು ಬೇಯಿಸಿ ಕುರ್ಚಿ, ಬುಟ್ಟಿ ಮಾಡುವ ಕಸುಬು ಮಲೆ ಮಹದೇಶ್ವರ ಬೆಟ್ಟದ ಕಡೆ ಶುರುವಾಗಿದೆ. ಬಿದಿರಿನದಷ್ಟೇ ಬಾಳಿಕೆ.

ಆನೆಗಳು ಈ ಬೆಟ್ಟ ಬಿಟ್ಟು ಬೇರೆಲ್ಲಿಗೆ ಹೋಗ್ತವೆ? ದಾರಿ ಇದೆಯಾ?

ತಮಿಳುನಾಡಿನ ಸತ್ಯಮಂಗಲ ಕಾಡು, ಮಲೆ ಮಹದೇಶ್ವರ ಬೆಟ್ಟ, ಅದರಾಚೆ ಕಾವೇರಿ ದಂಡೆಯವರೆಗೆ. ಇವೆಲ್ಲ ಒಂದಕ್ಕೊಂದು ಅಂಟಿಕೊಂಡ ಕಾಡುಗಳು, ಆದರೆ ನಡುವೆ ಕೆಲವು ಕಡೆ ಹೊಲ, ಊರು, ಟಾರು ರಸ್ತೆ ಬಂದು ಕುತ್ತಿಗೆಯಷ್ಟು ಕಿರಿದಾಗಿದೆ. ಎಡೆಯಾರಳ್ಳಿ–ದೊಡ್ಡಸಂಪಿಗೆ ಅನ್ನುವ ಆನೆದಾರಿಯಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾದವರು ಸುಮಾರು 25 ಎಕರೆ ಖಾಸಗಿ ಜಮೀನು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿದ್ದಾರೆ. 540 ಚದರ ಕಿಲೋಮೀಟರಿನ ಮುಂದೆ 25 ಎಕರೆ ಏನೂ ಅಲ್ಲ ಅನ್ನಿಸಬಹುದು. ಆದರೆ ಆನೆ ಹಿಂಡಿಗೆ ರಾತ್ರಿ ದಾಟಲು ಬೇಕಾದ್ದು ಅಂಥ ಕಿರಿದಾದ ಒಂದು ಪಟ್ಟಿಯೇ.

ಕೊಳ್ಳೇಗಾಲದಿಂದ ಹಾಸನೂರು ಕಡೆಗೆ ಹೋಗುವ ರಸ್ತೆ ಇಂಥ ಕಾಡುಗಳ ಮಧ್ಯೆಯೇ ಹಾದುಹೋಗುತ್ತದೆ. ಬೆಟ್ಟ ನೋಡಿಕೊಂಡು ಅದೇ ದಾರಿಯಲ್ಲಿ ತಮಿಳುನಾಡಿಗೆ ಹೋಗುವವರಾದರೆ ಹಗಲಿನಲ್ಲೇ ದಾಟಿಕೊಳ್ಳಿ, ನಲವತ್ತರ ಮೇಲೆ ಓಡಿಸಬೇಡಿ.